ಮಧ್ಯಾಹ್ನದ ಪ್ರಾರ್ಥನೆ

ಸುಳ್ಳು ಹೇಳುವುದಕ್ಕೆ ಬಾಯಿ ಬೇಕೇ ಬೇಕು ಎಂದು ನಾನು ಬಹಳ ದಿನ ನಂಬಿಕೊಂಡಿದ್ದೆ. ಆಮೇಲೆ ತಿಳಿಯಿತು, ಒಂದು ಬಾಗಿಲಿದ್ದರೆ ಸಾಕು. ಅದನ್ನು ದಿನವೂ ಒಂದೇ ಹೊತ್ತಿಗೆ ಒಳಗಿನಿಂದ ಹಾಕಿಕೊಂಡು ಕೂತರೆ ಉಳಿದ ಸುಳ್ಳನ್ನೆಲ್ಲ ಹೊರಗಿದ್ದವರೇ ಪ್ರೀತಿಯಿಂದ ಕಟ್ಟಿಕೊಡುತ್ತಾರೆ. ನಮ್ಮ ಪಾಲಿಗೆ ಉಳಿಯುವುದು ಅದನ್ನು ಅಲ್ಲಗಳೆಯದೆ ಇರುವ ಕೆಲಸ ಮಾತ್ರ. ಆ ಕೆಲಸವನ್ನು ನಾನು ಆರೇಳು ತಿಂಗಳು ಅತ್ಯಂತ ಶ್ರದ್ಧೆಯಿಂದ ಮಾಡಿದ್ದೇನೆ. ಅದೂ ಎಲ್ಲಿ, ಸತ್ಯವನ್ನು ಸಾರುವುದಕ್ಕೆಂದೇ ನನ್ನನ್ನು ಕಳಿಸಿದ್ದ ಊರಿನಲ್ಲಿ.

ನಾನು ಮಿಶನ್ನಿನ ಕಂಪೌಂಡರ್ ಆಗಿದ್ದವನು. ಹುಟ್ಟಿ ಬೆಳೆದದ್ದು ಮಂಗಳೂರಿನ ಹತ್ತಿರ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ. ರಾಜ್ಯ ಒಂದಾಗಿ ಎರಡು ವರ್ಷವಾಗಿದ್ದ ಕಾಲ ಅದು. ಶಿರಸಿಯಿಂದ ಪೂರ್ವಕ್ಕೆ, ದಾಸನಕೊಪ್ಪದಲ್ಲಿ ಬಸ್ಸಿಳಿದು ಮೂರು ಮೈಲು ಒಳಗೆ ನಡೆಯಬೇಕಾದ ಒಂದು ಹಳ್ಳಿಯಲ್ಲಿ ಔಷಧಾಲಯ ತೆರೆಯುವುದೆಂದು ನಮ್ಮ ಮೇಲಿನವರು ನಿಶ್ಚಯಿಸಿದರು. ಊರಿನ ಹೆಸರು ಹೇಳುವುದಿಲ್ಲ. ಅಲ್ಲಿಯ ಮೊಮ್ಮಕ್ಕಳು ಈಗ ಚೆನ್ನಾಗಿ ಓದಿಕೊಂಡಿದ್ದಾರೆ, ಇದನ್ನೂ ಓದಿಯಾರು. ಆಗ ಅದು ಬಡ ಊರು. ಮಳೆಯನ್ನೇ ನಂಬಿದ ಗದ್ದೆ, ಹೊಟ್ಟೆಯುಬ್ಬಿದ ಮಕ್ಕಳು, ಚಳಿಜ್ವರ ಬಂದರೆ ಕಂಬಳಿ ಹೊದ್ದು ಹಣೆಬರಹ ಎನ್ನುವ ಹಿರಿಯರು. ಇವರನ್ನೆಲ್ಲ ಉದ್ಧಾರ ಮಾಡುವವನು ನಾನು ಎಂಬ ಭಾವನೆಯಲ್ಲಿ, ಒಂದು ಟ್ರಂಕು, ಒಂದು ಹಾರ್ಮೋನಿಯಂ, ಒಂದು ಸೈಕಲ್ಲು ಸಮೇತ ನಾನು ಶಿರಸಿಯಲ್ಲಿ ಇಳಿದೆ. ಚಾದಂಗಡಿಯ ಹೆಗಡೆಯವರು "ಎಂತ ಬೇಕು?" ಎಂದು ಕೇಳಿದಾಗ ನನಗೆ ಪರಮಾನಂದವಾಯಿತು. ನಮ್ಮೂರಿನ ಹಾಗೆಯೇ ಇಲ್ಲಿಯೂ "ಎಂತ" ಇದೆಯೆಂದ ಮೇಲೆ ಇನ್ನೇನು ಚಿಂತೆ ಎಂದುಕೊಂಡೆ. ಪೂರ್ವದ ಬಸ್ಸು ಹತ್ತಿ ಒಂದು ತಾಸು ಹೋಗುವಷ್ಟರಲ್ಲಿ ಆ "ಎಂತ" ಎಲ್ಲಿಯೋ ಇಳಿದುಹೋಗಿತ್ತು. ದಾಸನಕೊಪ್ಪದಲ್ಲಿ ಎಲ್ಲರೂ "ಏನ್ರೀ, ಎತ್ಲಾಗ ಹೊಂಟ್ರಿ?" ಎನ್ನುತ್ತಿದ್ದರು.

ಔಷಧಾಲಯದ ಮುಖ್ಯಸ್ಥೆ ನಾನಲ್ಲ, ಸಿಸ್ಟರ್ ಮಾರ್ತಾ. ಯುರೋಪಿನ ಯಾವುದೋ ಬೆಟ್ಟದ ಸೀಮೆಯಿಂದ ಬಂದ ದಾದಿ, ನಲವತ್ತರ ಹತ್ತಿರದ ವಯಸ್ಸು, ಎತ್ತರದ ಆಳು. ಅವರು ಶಿರಸಿಯಲ್ಲಿ ಇದ್ದುಕೊಂಡು ಮಂಗಳವಾರ ಶುಕ್ರವಾರ ಬಂದು, ರಾತ್ರಿ ಉಳಿದು ಮರುದಿನ ಹೋಗುವುದು, ನಾನು ಅಲ್ಲಿಯೇ ಇರುವುದು, ಇದು ಏರ್ಪಾಡು. ಅವರು ತಮ್ಮ ದೇಶದಲ್ಲಿಯೇ ಕನ್ನಡ ಕಲಿತು ಬಂದಿದ್ದರು. ಕಲಿಸಿದವರು ನಲವತ್ತು ವರ್ಷ ಹಿಂದೆ ನಿವೃತ್ತರಾಗಿ ಹೋದ ಒಬ್ಬ ಮುದಿ ಪಾದ್ರಿ. ಹೀಗಾಗಿ ಅವರ ಕನ್ನಡಕ್ಕೆ ಒಂದು ಕೊಳೆಯಿಲ್ಲ, ಮಡಿಕೆಯಿಲ್ಲ. ರೋಗಿಯೊಬ್ಬ ಬಂದು ಕೂತರೆ "ನಿಮ್ಮ ಶರೀರದಲ್ಲಿ ಯಾವ ಬಾಧೆಯು ಉಂಟಾಗಿರುವುದು?" ಎನ್ನುವರು. ರೋಗಿ ನನ್ನ ಮುಖ ನೋಡುವನು. ನಾನು ದುಭಾಷಿ. ನನ್ನ ನೇಮಕಾತಿಯ ಕಾಗದದಲ್ಲಿಯೇ ಕಂಪೌಂಡರ್ ಹಾಗೂ ದುಭಾಷಿ ಎಂದು ಬರೆದಿತ್ತು. ನಾನು ಗಂಟಲು ಸರಿಮಾಡಿಕೊಂಡು "ನಿಮಗೆ ಎಂತ ಆದದ್ದು? ನೋವು ಉಂಟಾ?" ಎನ್ನುವೆ. ರೋಗಿ ಆಗ ಬಾಗಿಲಲ್ಲಿ ಕೂತ ಮುದುಕಿ ಗೌರವ್ವನ ಮುಖ ನೋಡುವನು. ಗೌರವ್ವ, "ಏನಾಗೇತಿ ಅಂತ ಕೇಳಾಕತ್ತಾರ, ಹೇಳೋ" ಎನ್ನುವಳು. ಆಗ ರೋಗಿಯ ಮುಖ ಬೆಳಗುವುದು. ಉತ್ತರವೂ ಹೀಗೆಯೇ ಮೂರು ಮೆಟ್ಟಿಲು ಹತ್ತಿ ವಾಪಸು ಹೋಗಬೇಕು. ಮೊದಲ ವಾರವೇ ಒಬ್ಬ ಬಂದು ಮೈಯೆಲ್ಲ ಕಡಿಯುತ್ತಿದೆ ಎಂದ. ನಮ್ಮ ಕಡೆ ಕಡಿಯುವುದೆಂದರೆ ಹಾವು ಚೇಳು ಕಡಿಯುವುದು. ನಾನು ಗಾಬರಿಯಿಂದ ಹಾಗೆಯೇ ಹೇಳಿದೆ. ಸಿಸ್ಟರ್ ಆತನನ್ನು ಮಲಗಿಸಿ, ಹಲ್ಲಿನ ಗುರುತಿಗಾಗಿ ಕಾಲುಗುರಿನಿಂದ ನೆತ್ತಿಯವರೆಗೆ ಹುಡುಕಿದರು. ಆತ ನಾಚಿ ನೀರಾಗಿದ್ದ. ಕೊನೆಗೆ ಗೌರವ್ವ, ಆತನಿಗೆ ತುರಿಕೆ, ಹಾವಲ್ಲ ಎಂದು ತಿಳಿಸಿದ ಮೇಲೆ ಆತನಿಗೆ ಗಂಧಕದ ಮುಲಾಮು ಸಿಕ್ಕಿತು. ದುಭಾಷಿಗೆ ಒಬ್ಬ ದುಭಾಷಿ ಬೇಕೆಂದು ಆ ದಿನ ಊರಿಗೆಲ್ಲ ತಿಳಿಯಿತು.

ಗೌರವ್ವ ನಮ್ಮ ಮನೆಯೊಡತಿ. ಅರವತ್ತು ದಾಟಿದ ವಿಧವೆ, ಲಿಂಗಾಯತರ ಮನೆಯವಳು, ಸಣಕಲು ದೇಹ, ದೊಡ್ಡ ದನಿ. ಮಗ ಚನ್ನಬಸಪ್ಪನಿಗೆ ಎರಡೆಕರೆ ಗದ್ದೆ. ಊರಿನಲ್ಲಿ ನಮಗೆ ಯಾರೂ ಜಾಗ ಕೊಡದಿದ್ದಾಗ ಗೌರವ್ವ ತನ್ನ ಮನೆಯ ಮುಂದಿನ ಪಡಸಾಲೆ ಮತ್ತು ಅದಕ್ಕೆ ಹೊಂದಿದ ಕೋಣೆ ಬಿಟ್ಟುಕೊಟ್ಟಳು. ಬಾಡಿಗೆಯ ಮಾತೇ ಎತ್ತಲಿಲ್ಲ. ಒಂದೇ ಒಂದು ಕರಾರು. ನಾವು ಎಂಥವರು, ಏನು ತಿನ್ನುವವರು ಎಂಬುದು ತನಗೆ ಗೊತ್ತು, ಅದನ್ನು ಕೇಳುವುದಿಲ್ಲ, ಆದರೆ "ಅದೊಂದು ಮಾತ್ರ ಈ ಮನ್ಯಾಗ ಒಲಿ ಮ್ಯಾಲ ಏರಬಾರದು" ಎಂದಳು. ನಾನು ಎದೆಯ ಮೇಲೆ ಕೈಯಿಟ್ಟು ಒಪ್ಪಿದೆ. ಸಿಸ್ಟರ್, ಇದು ಅತ್ಯಂತ ನ್ಯಾಯವಾದ ಅಪೇಕ್ಷೆ ಎಂದರು.

ನ್ಯಾಯವೇನೋ ನಿಜ. ಆದರೆ ನನ್ನ ಟ್ರಂಕಿನ ತಳದಲ್ಲಿ ಆಗಲೇ ಒಂದು ಸೀಸೆ ಇತ್ತು. ಅಮ್ಮ ಮಾಡಿಕೊಟ್ಟ ಒಣ ಸಿಗಡಿಯ ಚಟ್ನಿಪುಡಿ. ಕಡಲತೀರದಲ್ಲಿ ಹುಟ್ಟದವರಿಗೆ ಈ ಪದಾರ್ಥದ ಮಹಿಮೆಯನ್ನು ವಿವರಿಸುವುದು ಕಷ್ಟ. ಒಣಗಿದ ಸಿಗಡಿಯನ್ನು ಹುರಿದು, ಕೆಂಪುಮೆಣಸು ಹುಣಸೆ ಕೊಬ್ಬರಿ ಸೇರಿಸಿ ಕುಟ್ಟಿದ ಆ ಪುಡಿ ಒಂದು ಚಿಟಿಕೆ ಇದ್ದರೆ ಒಂದು ತಟ್ಟೆ ಗಂಜಿ ತಾನಾಗಿ ಇಳಿಯುತ್ತದೆ. ಅದಿಲ್ಲದೆ ನನಗೆ ಗಂಜಿಯೆಂದರೆ ಬರಿಯ ಬಿಸಿನೀರು. ನಾನು ಎರಡು ದಿನ ತಡೆದೆ. ಮೂರನೆಯ ದಿನ ಕಾನೂನಿನ ದೃಷ್ಟಿಯಿಂದ ಯೋಚಿಸಿದೆ. ಗೌರವ್ವನ ಕರಾರು ಒಲೆಗೆ ಸಂಬಂಧಪಟ್ಟದ್ದು. ಈ ಪುಡಿ ಮಂಗಳೂರಿನಲ್ಲಿಯೇ ಒಲೆ ಏರಿ ಇಳಿದು ಬಂದದ್ದು. ಈ ಮನೆಯ ಒಲೆಗೂ ಅದಕ್ಕೂ ಯಾವ ವ್ಯವಹಾರವೂ ಇಲ್ಲ. ನನ್ನಷ್ಟು ಸಲೀಸಾಗಿ ಸಮಾಧಾನಗೊಂಡ ನ್ಯಾಯಾಧೀಶರು ಜಗತ್ತಿನಲ್ಲಿ ಇರಲಾರರು. ಸೀಸೆಯನ್ನು ಔಷಧದ ಕಪಾಟಿನಲ್ಲಿ, ಅಯೋಡಿನ್ ಸೀಸೆಗಳ ಹಿಂದೆ ಇಟ್ಟೆ. ಬೇರೆ ಯಾರೂ ಮುಟ್ಟದಿರಲೆಂದು, ಮೈಗೆ ಹಚ್ಚುವ ಔಷಧಗಳಿಗೆ ಅಂಟಿಸುವ ಕೆಂಪು ಚೀಟಿಯನ್ನು ಅದಕ್ಕೂ ಅಂಟಿಸಿದೆ. ಅದರ ಮೇಲೆ ತಲೆಬುರುಡೆಯ ಚಿತ್ರ, ಕೆಳಗೆ "ವಿಷ" ಎಂಬ ಬರಹ. ಅಮ್ಮನ ಕೈಯ ಅಡುಗೆಗೆ ಮಗನೊಬ್ಬ ಕೊಟ್ಟ ಬಿರುದು ಅದು.

ಮಧ್ಯಾಹ್ನ ರೋಗಿಗಳೆಲ್ಲ ಹೋದ ಮೇಲೆ ನಾನು ಕೋಣೆಯ ಬಾಗಿಲು ಹಾಕಿ, ಕಿಟಕಿ ಮುಚ್ಚಿ, ಕತ್ತಲೆಯಲ್ಲಿ ಕೂತು ಗಂಜಿ ಉಣ್ಣುತ್ತಿದ್ದೆ. ಉಂಡ ಮೇಲೆ ವಾಸನೆ ಹೋಗಲೆಂದು ಫಿನೈಲ್ ಹಾಕಿ ನೆಲ ಒರೆಸುತ್ತಿದ್ದೆ. ಇಷ್ಟಕ್ಕೆ ಅರ್ಧ ತಾಸು ಬೇಕಾಗುತ್ತಿತ್ತು. ಊರಿನವರು ಇದನ್ನು ಗಮನಿಸಿದರು. ಹಾಡುಹಗಲಲ್ಲಿ ಗಂಡಸೊಬ್ಬ ಬಾಗಿಲು ಕಿಟಕಿ ಮುಚ್ಚಿಕೊಂಡು ಸದ್ದಿಲ್ಲದೆ ಕೂರುತ್ತಾನೆಂದರೆ ಅದು ದೇವರ ಕೆಲಸವಲ್ಲದೆ ಇನ್ನೇನು? ಶಾಮಣ್ಣ ಮಧ್ಯಾಹ್ನ ಪ್ರಾರ್ಥನೆ ಮಾಡುತ್ತಾರೆಂದು ಸುದ್ದಿಯಾಯಿತು. ಶಾಮಣ್ಣನೆಂದರೆ ನಾನು. ನನ್ನ ಹೆಸರು ಸಾಮ್ಯುವೆಲ್, ಊರು ಅದನ್ನು ನಾಲ್ಕು ದಿನದಲ್ಲಿ ತಿದ್ದಿತ್ತು. ಮಾರ್ತಾ ಅವರನ್ನು ಮರತವ್ವ ಎನ್ನುತ್ತಿದ್ದರು. ಒಮ್ಮೆ ನೋಡಿದ ರೋಗಿಯ ಹೆಸರನ್ನೂ ಹುಣ್ಣನ್ನೂ ಎಂದೂ ಮರೆಯದ ಹೆಂಗಸಿಗೆ ಆ ಹೆಸರು. ಅಂತೂ ಅರ್ಧ ತಾಸು ನಮ್ಮ ಪಡಸಾಲೆಯ ಹತ್ತಿರ ಯಾರೂ ದನಿ ಎತ್ತದ ಹಾಗಾಯಿತು. ದನ ಹೊಡೆದುಕೊಂಡು ಹೋಗುವವರು ಕೂಡ ನಮ್ಮ ಮನೆ ದಾಟುವವರೆಗೆ ನಾಲಿಗೆ ಬಿಗಿಹಿಡಿಯುತ್ತಿದ್ದರು.

ಅಡ್ಡಿಯಾದದ್ದು ಬೆಕ್ಕುಗಳಿಂದ. ಮೊದಲು ಗೌರವ್ವನ ಬೆಕ್ಕು ಬಂತು. ಮರುದಿನ ಪಕ್ಕದ ಮನೆಯದು. ಹದಿನೈದು ದಿನದಲ್ಲಿ ಹನ್ನೆರಡು ಗಂಟೆಗೆ ಸರಿಯಾಗಿ ಆರೇಳು ಬೆಕ್ಕುಗಳು ನನ್ನ ಕೋಣೆಯ ಬಾಗಿಲೆದುರು ಸಾಲಾಗಿ ಕೂರತೊಡಗಿದವು. ಒಂದಕ್ಕೊಂದು ಜಗಳವಾಡದೆ, ಬಾಲವನ್ನು ಕಾಲ ಸುತ್ತ ಮಡಿಸಿಕೊಂಡು, ಬಾಗಿಲನ್ನೇ ದೃಷ್ಟಿಸುತ್ತ. ನನಗೆ ಬೆವರಿಳಿಯಿತು. ಆದರೆ ಊರು ಅದನ್ನೂ ನನ್ನ ಲೆಕ್ಕಕ್ಕೇ ಜಮಾ ಮಾಡಿತು. ಮೂಕಪ್ರಾಣಿಗಳಿಗೂ ಪ್ರಾರ್ಥನೆಯ ರುಚಿ ಹತ್ತಿದೆ ಎಂದರು. ರುಚಿಯ ಮಾತು ನಿಜವೇ ಆಗಿತ್ತು. ಸೀಸೆ ಮುಗಿಯುವ ಹೊತ್ತಿಗೆ ಅಮ್ಮ ಇನ್ನೊಂದು ಪಾರ್ಸೆಲ್ ಕಳಿಸುತ್ತಿದ್ದಳು. ಪೋಸ್ಟಿನವರು ಅದನ್ನು ಸೈಕಲ್ಲಿನ ಹಿಂದೆ ಕಟ್ಟಿ ತರುವಾಗ ದಾಸನಕೊಪ್ಪದ ನಾಯಿಗಳು ಊರ ಗಡಿಯವರೆಗೆ ಬಂದು ಮುಟ್ಟಿಸಿ ಹೋಗುತ್ತಿದ್ದವು. ಏನ್ರೀ ಇದು ಎಂದು ಅವರು ಮೂಗು ಹಿಂಡಿಕೊಂಡು ಕೇಳಿದರೆ, ನಮ್ಮೂರಿನ ಔಷಧ ಎನ್ನುತ್ತಿದ್ದೆ.

ಈ ನಡುವೆ ನನಗೂ ಊರಿಗೂ ನಿಜವಾದ ಗೆಳೆತನವೂ ಬೆಳೆಯುತ್ತಿತ್ತು, ಅದೇ ಸಂಕಟ. ಭಾನುವಾರ ನಾನು ಹಾರ್ಮೋನಿಯಂ ಬಾರಿಸಿ ಕೀರ್ತನೆ ಹಾಡುವಾಗ ಕೇಳುವವನೂ ನಾನೇ ಆಗಿರುತ್ತಿದ್ದೆ. ಒಂದು ಭಾನುವಾರ ಚನ್ನಬಸಪ್ಪ ಬಂದು ಕಂಬಕ್ಕೆ ಒರಗಿ ಕೇಳಿದ. ಮುಗಿದ ಮೇಲೆ, ಪೆಟ್ಟಿಗೆ ಬಹಳ ಚೆನ್ನಾಗಿ ನುಡಿಯುತ್ತದೆ, ಸೋಮವಾರ ಬಸವಣ್ಣನ ಕಟ್ಟೆಯ ಮೇಲೆ ಭಜನೆಗೆ ಬಾರಿಸುವವರಿಲ್ಲ, ತಾಳ ತಂಬೂರಿ ಎರಡೇ ಇವೆ ಎಂದ. ಹೀಗೆ ಕೀರ್ತನೆ ಕೇಳಿಸಲು ಹೋದವನು ಭಜನೆಯ ಪೆಟ್ಟಿಗೆಯವನಾದೆ. ನನ್ನಿಂದ ಅವರು ಒಂದು ಕೀರ್ತನೆಯನ್ನೂ ಕಲಿಯಲಿಲ್ಲ, ಅವರಿಂದ ನಾನು ಇಪ್ಪತ್ತು ಭಜನೆ ಕಲಿತೆ. ಸಿಸ್ಟರ್ ತಮ್ಮ ವರದಿಯಲ್ಲಿ ಇದನ್ನು ಸಂಗೀತದ ಮೂಲಕ ಸಂಪರ್ಕ ಎಂದು ಬರೆದರು. ಗೌರವ್ವ ದಿನವೂ ಬೆಳಗ್ಗೆ ಜೋಳದ ರೊಟ್ಟಿ, ಪುಂಡಿಪಲ್ಯ ತಂದು ಪಡಸಾಲೆಯ ಕಟ್ಟೆಯ ಮೇಲಿಟ್ಟು, ತಟ್ಟೆ ಖಾಲಿಯಾಗುವವರೆಗೆ ನಿಂತು ನೋಡುತ್ತಿದ್ದಳು. ಸಂಜೆ ನನ್ನ ಕೋಣೆಯ ಹೊಸ್ತಿಲಿನಿಂದ ಅಂಗಳದವರೆಗೆ ಸಗಣಿ ಹಾಕಿ ಸಾರಿಸುತ್ತಿದ್ದಳು. ಬೇರೆ ಕಡೆ ವಾರಕ್ಕೊಮ್ಮೆ, ನನ್ನ ಹೊಸ್ತಿಲಿಗೆ ದಿನವೂ. ನನ್ನ ಮೇಲೆ ಎಷ್ಟು ಅಕ್ಕರೆ ಎಂದುಕೊಂಡು ನಾನು ಅಮ್ಮನಿಗೆ ಕಾಗದ ಬರೆದೆ.

ಮಧ್ಯಾಹ್ನದ ಪ್ರಾರ್ಥನೆಯ ಸುದ್ದಿ ಸಿಸ್ಟರ್ ಕಿವಿಗೂ ಬಿತ್ತು. ಒಂದು ಮಂಗಳವಾರ ಅವರು ಕಣ್ಣು ತೇವ ಮಾಡಿಕೊಂಡು ಬಂದು, ಇಷ್ಟು ದಿನ ತಮಗೆ ಇದು ಗೊತ್ತಿರಲಿಲ್ಲ, ಈ ದಿನ ತಾವೂ ಜೊತೆಗೆ ಕೂರುವುದಾಗಿ ಹೇಳಿದರು. ನಾನು ತಡವರಿಸಲಿಲ್ಲ, ಅದೇ ನಾಚಿಕೆಗೇಡು. ಪ್ರಾರ್ಥನೆಯನ್ನು ಒಬ್ಬನೇ ಗುಟ್ಟಾಗಿ ಮಾಡಬೇಕೆಂದು ಹಿರಿಯರು ಕಲಿಸಿದ್ದಾರಲ್ಲ ಎಂದುಬಿಟ್ಟೆ. ಸಿಸ್ಟರ್ ಮುಖ ಕೆಂಪಾಯಿತು. ತಮ್ಮ ದುಡುಕಿಗೆ ಅವರೇ ಕ್ಷಮೆ ಕೇಳಿ, ಬೆಕ್ಕುಗಳ ನಡುವೆ ಜಾಗ ಮಾಡಿಕೊಂಡು ದಾಟಿ ಹೋದರು. ಆ ದಿನ ಚಟ್ನಿಪುಡಿ ಗಂಟಲಲ್ಲಿ ಸಿಕ್ಕಿಕೊಂಡಿತು. ಆದರೂ ಇಳಿಯಿತು.

ಇಳಿಯದ ಹಾಗೆ ಮಾಡಿದವಳು ಗೌರವ್ವ. ಅವಳ ಮಗಳು ನೀಲವ್ವನನ್ನು ಹಾನಗಲ್ಲ ಕಡೆಗೆ ಕೊಟ್ಟಿತ್ತು. ಹಿಂದಿನ ಎರಡು ಹೆರಿಗೆಯ ಮಕ್ಕಳು ಉಳಿದಿರಲಿಲ್ಲ. ಒಂದು ಮಗು ಹುಟ್ಟುವಾಗಲೇ ಹೋಗಿತ್ತು, ಇನ್ನೊಂದು ಮೂರು ದಿನ ಇತ್ತು. ಈಗ ಮತ್ತೆ ತುಂಬು ಬಸಿರಿಯಾಗಿ ತವರಿಗೆ ಬಂದಿದ್ದಳು. ಯಾರ ಜೊತೆಗೂ ಮಾತಿಲ್ಲ, ಗೋಡೆಗೆ ಮುಖ ಮಾಡಿ ಕೂತಿರುವಳು. ಒಂದು ಬೆಳಗ್ಗೆ ನಾನು ರೊಟ್ಟಿ ತಿನ್ನುವಾಗ ಗೌರವ್ವ ಎಂದಿನ ಹಾಗೆ ನಿಂತಿರದೆ ಕಟ್ಟೆಯ ಮೇಲೆ ಕೂತಳು. ದೊಡ್ಡ ದನಿಯ ಆ ಹೆಂಗಸು ಸಣ್ಣ ದನಿಯಲ್ಲಿ ಹೇಳಿದಳು:

"ಶಾಮಣ್ಣಾರ, ನೀವು ಮಧ್ಯಾಹ್ನ ದೇವ್ರ ಕೂಡ ಮಾತಾಡ್ತೀರಿ ಅಂತಾರ. ನಮ್ಮ ನೀಲವ್ವನ ಹೆಸರೂ ಒಂದೀಟು ಅವನ ಕಿವಿಗೆ ಹಾಕ್ರಿ."

ನಾನು ತಲೆ ಆಡಿಸಿದೆ. ಆ ಮಧ್ಯಾಹ್ನ ಬಾಗಿಲು ಹಾಕಿ ಕೂತೆ. ಎದುರಿಗೆ ಗಂಜಿ, ಪಕ್ಕದಲ್ಲಿ ತಲೆಬುರುಡೆಯ ಸೀಸೆ, ಹೊರಗೆ ಬೆಕ್ಕುಗಳು. ಮೊದಲು ಉಂಡು ಆಮೇಲೆ ಪ್ರಾರ್ಥಿಸೋಣವೆಂದುಕೊಂಡೆ, ಕೈ ಏಳಲಿಲ್ಲ. ಮೊದಲು ಪ್ರಾರ್ಥಿಸಿ ಆಮೇಲೆ ಉಣ್ಣೋಣವೆಂದು ಕಣ್ಣು ಮುಚ್ಚಿದೆ, ಸಿಗಡಿಯ ವಾಸನೆ ಬಂತು. ಆ ವಾಸನೆಯಲ್ಲಿ ನೀಲವ್ವನ ಹೆಸರು ಎತ್ತುವುದಕ್ಕೆ ನನಗೆ ನಾಚಿಕೆಯಾಯಿತು. ಆದರೂ ಎತ್ತಿದೆ. ಆರು ತಿಂಗಳಲ್ಲಿ ಆ ಕೋಣೆಯಲ್ಲಿ ನಾನು ಮಾಡಿದ ಮೊದಲನೆಯ ಪ್ರಾರ್ಥನೆ ಅದು. ಗಂಜಿ ಹಾಗೆಯೇ ಉಳಿಯಿತು. ಮೂರು ದಿನ ಹೀಗೆ ಕಳೆದ ಮೇಲೆ, ಶುಕ್ರವಾರ ಬಂದ ಸಿಸ್ಟರ್ ಮುಂದೆ ಸೀಸೆಯನ್ನು ತಂದಿಟ್ಟು ಎಲ್ಲವನ್ನೂ ಹೇಳಿಬಿಟ್ಟೆ. ಅವರು ನಗಲಿಲ್ಲ, ಬೈಯಲಿಲ್ಲ. ಸೀಸೆಯ ಮುಚ್ಚಳ ತೆಗೆದು ಮೂಸಿ, ಬೇಗ ಮುಚ್ಚಿ, "ಇದನ್ನು ನನಗಲ್ಲ, ಮನೆಯ ಯಜಮಾನಿಗೆ ಅರಿಕೆ ಮಾಡತಕ್ಕದ್ದು. ನಾನು ನಿಮ್ಮ ಪಕ್ಕದಲ್ಲಿ ಕುಳಿತುಕೊಳ್ಳುವೆನು" ಎಂದರು.

ಗೌರವ್ವ ಅಕ್ಕಿ ಆರಿಸುತ್ತಿದ್ದಳು. ನಾನು ಹೇಗೆ ಹೇಳಿದೆನೋ ನೆನಪಿಲ್ಲ. ನಾಳೆಯೇ ಬೇರೆ ಕಡೆ ಜಾಗ ನೋಡುತ್ತೇನೆ, ಔಷಧಾಲಯಕ್ಕೆ ಮಾತ್ರ ಶಿಕ್ಷೆ ಕೊಡಬೇಡಿ, ನೀಲವ್ವನ ಹೆರಿಗೆ ಮುಗಿಯಲಿ ಎಂದದ್ದು ನೆನಪಿದೆ. ಅವಳು ಮೊರದಿಂದ ಕಣ್ಣೆತ್ತಲಿಲ್ಲ.

"ಮೂರನೇ ದಿನಾನ ಗೊತ್ತಾತು. ಬೆಕ್ಕಿಗೆ ಮೂಗ ಐತಿ, ನನಗ ಇಲ್ಲೇನು?" ಎಂದಳು.

ಒಲೆಯ ಮೇಲೆ ಮಾತ್ರ ಇಟ್ಟಿಲ್ಲ ಎಂದು ನಾನು ಗೊಣಗಿದೆ.

"ಅದೂ ಗೊತ್ತೈತಿ. ಇಟ್ಟಿದ್ರ ಅವತ್ತ ನಿಮ್ಮ ಪೆಟಗಿ ಹೊರಗ ಇಡ್ತಿದ್ದೆ. ಮನಿ ಬಿಟ್ಟು ಬಂದ ಹುಡುಗ, ಹಡದಾಕಿ ಮಾಡಿಕೊಟ್ಟದ್ದು ಇರಬೇಕು ಅಂತ ಸುಮ್ಮನಾದೆ. ನೀವು ನಿಮ್ಮದು ಮಾಡಿದ್ರಿ. ನಾನೂ ದಿನಾ ಸಗಣಿ ಹಾಕಿ ಸಾರಿಸಿ ನಂದು ಮಾಡಿದೆ."

ಆಗ ನನಗೆ ಆ ಸಾರಣೆಯ ಅರ್ಥವಾಯಿತು. ಅಮ್ಮನಿಗೆ ಬರೆದ ಕಾಗದ ನೆನಪಾಗಿ ನೆಲ ಬಾಯಿಬಿಡಬಾರದೇ ಎನ್ನಿಸಿತು. ಗೊತ್ತಿದ್ದೂ ನನ್ನ ಪ್ರಾರ್ಥನೆಯಲ್ಲಿ ಮಗಳ ಹೆಸರು ಹೇಳಿಸುವುದಕ್ಕೆ ಯಾಕೆ ಬಂದೆ ಎಂದು ಕೇಳಿದೆ. ಅವಳು ಈಗ ತಲೆಯೆತ್ತಿದಳು. ತಿನ್ನುವುದು ನನ್ನ ಹೊಟ್ಟೆಯ ಕೆಲಸ, ದೇವರಿಗೆ ಹೇಳುವುದು ನನ್ನ ನೌಕರಿಯ ಕೆಲಸ, ಒಂದನ್ನು ಮಾಡುವವನು ಇನ್ನೊಂದನ್ನು ಮಾಡಬಾರದೆಂದು ಎಲ್ಲಿದೆ ಎಂಬುದು ಅವಳ ವಾದ. ಆಮೇಲೆ, "ಹೆಸರ ಹೇಳಿದ್ರೋ ಇಲ್ಲೋ?" ಎಂದು ಕೇಳಿದಳು. ಮೂರು ದಿನವೂ ಹೇಳಿದೆ ಎಂದೆ. "ಹಂಗಾರ ಸಾಕು" ಎಂದು ಮತ್ತೆ ಅಕ್ಕಿಗೆ ಬಗ್ಗಿದಳು.

ಸೀಸೆಗೆ ಅವಳೇ ಒಂದು ವ್ಯವಸ್ಥೆ ಮಾಡಿದಳು. ಅದು ಮನೆಯೊಳಗೆ ಇರಬಾರದು. ಕೆರೆಯ ಏರಿಯ ಮೇಲಿನ ಹುಣಸೆಮರದ ಪೊಟರೆಯಲ್ಲಿ ಇಡಬೇಕು, ಅಲ್ಲಿಯೇ ಕೂತು ಉಂಡು, ಕೈಬಾಯಿ ತೊಳೆದು, ಆಮೇಲೆ ಮನೆಗೆ ಬರಬೇಕು. ಅಂದಿನಿಂದ ಮಧ್ಯಾಹ್ನ ನಾನು ಗಂಜಿಯ ಪಾತ್ರೆ ಹಿಡಿದು ಬೀದಿಯಲ್ಲಿ ಹೋಗುವಾಗ ಹಿಂದೆ ಆರೇಳು ಬೆಕ್ಕುಗಳು ಮೆರವಣಿಗೆ ಬರುತ್ತಿದ್ದವು. ಕಟ್ಟೆಯ ಮೇಲಿನ ಹಿರಿಯರು ಊಟಕ್ಕೆ ಹೊರಟಿರೋ ಎಂದಷ್ಟೇ ಕೇಳುತ್ತಿದ್ದರು, ಅದಕ್ಕಿಂತ ಹೆಚ್ಚು ಯಾರೂ ಕೇಳಲಿಲ್ಲ. ಉಂಡು ಬಂದು, ಕೋಣೆಯ ಬಾಗಿಲು ಕಿಟಕಿ ತೆರೆದಿಟ್ಟುಕೊಂಡು ನೀಲವ್ವನಿಗಾಗಿ ನಿಜವಾದ ಪ್ರಾರ್ಥನೆ ಮಾಡುತ್ತಿದ್ದೆ. ಅದನ್ನು ಕೇಳಲು ಊರಿನವರು ಒಬ್ಬರೂ ಬರಲಿಲ್ಲ. ಬೆಕ್ಕೂ ಬರಲಿಲ್ಲ.

ನೀಲವ್ವನಿಗೆ ನೋವು ಬಂದದ್ದು ಒಂದು ಗುರುವಾರ ಬೆಳಗ್ಗೆ, ಸಿಸ್ಟರ್ ಬರುವ ಹಿಂದಿನ ದಿನ. ನಾನು ಸೈಕಲ್ ಹತ್ತಿದೆ. ದಾಸನಕೊಪ್ಪದಲ್ಲಿ ಸೈಕಲ್ಲನ್ನು ಬಸ್ಸಿನ ತಲೆಯ ಮೇಲೆ ಹಾಕಿ ಶಿರಸಿಗೆ ಹೋಗಿ, ಸಿಸ್ಟರ್ ಅವರನ್ನು ಚೀಲ ಸಮೇತ ಹೊರಡಿಸಿದೆ. ವಾಪಸು ಬಸ್ಸು ಸಂಜೆಗೇ ಇತ್ತು. ಬನವಾಸಿ ಕಡೆ ಹೊರಟಿದ್ದ ಒಂದು ಲಾರಿಯನ್ನು ಕೈ ಅಡ್ಡ ಮಾಡಿ ನಿಲ್ಲಿಸಿದೆ. ಸಿಸ್ಟರ್ ಡ್ರೈವರನ ಪಕ್ಕದಲ್ಲಿ, ನಾನು ಸೈಕಲ್ಲನ್ನು ತಬ್ಬಿಕೊಂಡು ಹಿಂದೆ ಹೆಂಚಿನ ರಾಶಿಯ ಮೇಲೆ. ದಾಸನಕೊಪ್ಪದಲ್ಲಿ ಇಳಿದದ್ದೇ ಸಿಸ್ಟರ್ ನನ್ನ ಕೈಯಿಂದ ಸೈಕಲ್ಲನ್ನು ಕಿತ್ತುಕೊಂಡು, ಚೀಲವನ್ನು ಹ್ಯಾಂಡಲಿಗೆ ಸಿಕ್ಕಿಸಿ, ಹೊರಟುಹೋದರು. ಬೆಟ್ಟದ ಸೀಮೆಯ ಕಾಲುಗಳು ಅವು. ನಾನು ಮೂರು ಮೈಲು ಓಡಿದೆ. ಓಡುವಾಗ ನನ್ನ ತಲೆಯಲ್ಲಿ ಒಂದೇ ಚಿಂತೆ, ದುಭಾಷಿಯಿಲ್ಲದೆ ಸಿಸ್ಟರೂ ನೀಲವ್ವನೂ ಒಳಗೆ ಏನು ಮಾಡುತ್ತಾರೋ, ಉಸಿರು ಎಳೆದುಕೋ ಎಂದರೆ ಯಾವ ಅಪಾರ್ಥವಾಗುತ್ತದೋ ಎಂದು.

ತಲುಪಿದಾಗ ಒಳಕೋಣೆಯ ಬಾಗಿಲು ಹಾಕಿತ್ತು. ನಾನು ಏದುಸಿರು ಬಿಡುತ್ತ ಬಾಗಿಲಿಗೆ ಬಾಯಿಟ್ಟು, ಸಿಸ್ಟರ್ ಏನು ಹೇಳುತ್ತಿರಬಹುದೆಂದು ಊಹಿಸಿಕೊಂಡು, ಉಸಿರು ಎಳೆದುಕೊಳ್ಳಬೇಕಂತೆ, ಹೆದರಬಾರದಂತೆ ಎಂದು ಕೂಗತೊಡಗಿದೆ. ಒಳಗಿನಿಂದ ಗೌರವ್ವನ ದನಿ ಬಂತು.

"ಶಾಮಣ್ಣಾರ, ನೀವು ಸುಮ್ಕ ಕುಂದರ್ರಿ. ನಮಗ ತಿಳಿದೇತಿ."

ಸುಮ್ಮನೆ ಕೂತೆ. ಆಗ ಇನ್ನೊಂದು ದನಿ ಕೇಳಿಸಿತು. "ನೀಲವ್ವಾ, ಅಂಜಬ್ಯಾಡ. ತಡಿ, ತಡಿ. ಹಾಂ, ಈಗ ತಿಣಕವ್ವಾ, ಇನ್ನೊಂದೀಟು." ಅದು ಸಿಸ್ಟರ್ ಮಾರ್ತಾ ಅವರ ದನಿ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಶರೀರ, ಬಾಧೆ, ತಕ್ಕದ್ದು ಯಾವುದೂ ಇಲ್ಲ. ವಾರಕ್ಕೆ ಎರಡು ರಾತ್ರಿ ಗೌರವ್ವನ ಪಕ್ಕದಲ್ಲಿ ಮಲಗಿ ಅವರು ಏನು ಮಾಡುತ್ತಿದ್ದರೆಂದು ನನಗೆ ಆಗ ಹೊಳೆಯಿತು. ಇಬ್ಬರೂ ಹೆಂಗಸರು ಹರಟುತ್ತಿದ್ದರು. ನಾನು ಆರೇಳು ತಿಂಗಳು ಹಗಲೆಲ್ಲ ಅನುವಾದ ಮಾಡಿ ಕೂಡಿಸಲಾಗದ್ದನ್ನು ಅವರು ನಾನು ಇಲ್ಲದ ಹೊತ್ತಿನಲ್ಲಿ ಕೂಡಿಸಿಕೊಂಡಿದ್ದರು.

ಹೊತ್ತು ಇಳಿಯುವ ಮೊದಲು ಮಗು ಅತ್ತಿತು. ಅದು ಅಳುವಿನಂತಿರಲಿಲ್ಲ, ಯಾರನ್ನೋ ಬೈದಂತಿತ್ತು. ಅಜ್ಜಿಯ ದನಿಯೇ ಬಂದಿತ್ತು. ಹೆಣ್ಣು ಮಗು. ಚನ್ನಬಸಪ್ಪ ಸಕ್ಕರೆಯ ಡಬ್ಬಿ ತೆಗೆದುಕೊಂಡು ಬೀದಿಗೆ ಓಡಿ, ಮೊದಲು ಎದುರಿಗೆ ಬಂದ ಎತ್ತಿನ ಬಾಯಿಗೂ ಹಾಕಿದ. ಸಿಸ್ಟರ್ ಹೊರಗೆ ಬಂದು ಕಟ್ಟೆಯ ಮೇಲೆ ಕೂತು ಬೂಟು ಕಳಚಿ ಕಾಲು ಚಾಚಿದರು. ನಗುತ್ತಿದ್ದರು, ಕಣ್ಣೀರೂ ಬರುತ್ತಿತ್ತು. ಗೌರವ್ವ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದಳು. ಮಧ್ಯಾಹ್ನ ಏನಾದರೂ ತಿಂದಿರೋ ಎಂದು ಕೇಳಿದಳು. ಬೆಳಗಿನಿಂದ ಏನೂ ಇಲ್ಲ, ಕೆರೆ ಏರಿಗೂ ಹೋಗಿಲ್ಲ ಎಂದೆ. ಆಗ ಅವಳು, "ಹಂಗಾರ ಕೈಕಾಲು ತೊಳಕೊಂಡು ಒಳಗ ಬರ್ರಿ, ಇಬ್ಬರೂ" ಎಂದಳು.

ಒಳಗೆ ಎಂದರೆ ಅಡುಗೆಮನೆಯ ಹತ್ತಿರ. ಅಷ್ಟು ದಿನ ನನ್ನ ತಟ್ಟೆ ಪಡಸಾಲೆ ದಾಟಿರಲಿಲ್ಲ. ಆ ಸಂಜೆ ಒಲೆಯ ಮುಂದೆ ನನ್ನನ್ನೂ ಸಿಸ್ಟರನ್ನೂ ಚನ್ನಬಸಪ್ಪನನ್ನೂ ಸಾಲಾಗಿ ಕೂರಿಸಿ ಬಿಸಿ ರೊಟ್ಟಿ ಬಡಿದು ಬಡಿದು ಹಾಕಿದಳು. ಮೇಲೆ ಎಮ್ಮೆಯ ಬೆಣ್ಣೆ. ಎಷ್ಟು ತಿಂದೆನೆಂದು ಹೇಳುವುದಿಲ್ಲ. ಸಿಸ್ಟರ್ ನನಗಿಂತ ಒಂದು ಹೆಚ್ಚು ತಿಂದರು ಎಂದಷ್ಟೇ ಹೇಳಬಲ್ಲೆ.

ಇದಾಗಿ ಒಂದು ವರ್ಷಕ್ಕೆ ನಮ್ಮ ಕೆಲಸ ನೋಡಲು ಮೇಲಿನವರೊಬ್ಬರು ಬಂದರು. ಹೊಸದಾಗಿ ಹಡಗಿಳಿದ ದೊಡ್ಡ ಪಾದ್ರಿಗಳು, ಅವರ ಮಾತು ಬಹುಪಾಲು ಇಂಗ್ಲಿಷೇ. ಔಷಧಾಲಯದ ತುಂಬ ಜನ ಸೇರಿದ್ದರು. ಪಾದ್ರಿಗಳಿಗೆ ತೃಪ್ತಿಯಾಯಿತು. ಕೊನೆಗೆ ನನ್ನ ನೌಕರಿ ಕಾಯಂ ಮಾಡುವ ಪ್ರಶ್ನೆ ಬಂದು, ಊರಿನವರ ಅಭಿಪ್ರಾಯ ಬೇಕೆಂದರು. ಎಲ್ಲರೂ ಗೌರವ್ವನನ್ನು ಮುಂದೆ ಮಾಡಿದರು. ಅವಳು ಮೊಮ್ಮಗಳನ್ನು ಸೊಂಟದ ಮೇಲಿಟ್ಟುಕೊಂಡು ಬಂದು, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ, ಸಾವಕಾಶವಾಗಿ ಹೇಳಿದಳು:

"ಪಾಪ, ಮನಸು ಚಲೋ ಐತಿ. ಔಷಧದ್ದು ಮರತವ್ವ ನೋಡ್ಕೋತಾಳ, ಮಾತಿಂದು ನಾ ನೋಡ್ಕೋತೇನಿ. ಇವರೂ ಇರವಲ್ರ್ಯಾಕ, ಇರ್ಲಿ ಬಿಡ್ರಿ. ನಮಗೇನ ತ್ರಾಸಿಲ್ಲ."

ಪಾದ್ರಿಗಳು ಪೆನ್ನು ತೆಗೆದು ನನ್ನ ಕಡೆ ತಿರುಗಿದರು. ಅನುವಾದ ಮಾಡಬೇಕಾದವನು ನಾನೇ, ನೇಮಕಾತಿಯ ಪ್ರಕಾರ. ಬಾಗಿಲು ತೆರೆದೇ ಇತ್ತು, ಬೆಳಕು ಚೆನ್ನಾಗಿ ಬರುತ್ತಿತ್ತು. ನಾನು ಗಂಟಲು ಸರಿಮಾಡಿಕೊಂಡು, ಈ ಮನುಷ್ಯನಿಲ್ಲದೆ ಇಲ್ಲಿಯ ಕೆಲಸ ಒಂದು ದಿನವೂ ನಡೆಯದೆಂದು ಈ ವೃದ್ಧೆ ಹೇಳುತ್ತಾಳೆ ಎಂದೆ. ಪಾದ್ರಿಗಳು ಬರೆದುಕೊಂಡರು. ಸಿಸ್ಟರ್ ಮಾರ್ತಾ ಎರಡು ಸಲ ಕೆಮ್ಮಿ, ಎದ್ದು ಕಿಟಕಿಯ ಹತ್ತಿರ ಹೋಗಿ, ಬಹಳ ಹೊತ್ತು ಹೊರಗಿನ ಎಮ್ಮೆಯನ್ನು ನೋಡುತ್ತ ನಿಂತರು. ನೌಕರಿ ಕಾಯಂ ಆಯಿತು. ಮೂಲ ಮಾತನ್ನು ಒಂದಕ್ಷರ ಬಿಡದೆ ಇಲ್ಲಿ ಬರೆದಿದ್ದೇನೆ. ಆ ಕಡತ ಇನ್ನೂ ಎಲ್ಲಿಯಾದರೂ ಉಳಿದಿದ್ದರೆ, ಸಂಬಂಧಪಟ್ಟವರು ದಯವಿಟ್ಟು ತಿದ್ದಿಕೊಳ್ಳಬೇಕು. ನನಗೆ ಪಿಂಚಣಿ ಬರುವುದಕ್ಕೆ ತೊಂದರೆಯಾಗದ ಹಾಗೆ.